ಅಮೋಘಸಿದ್ದಪ್ಪನ ಕುರಿ ಕೂತ ಜಾಗ

ಮಾಲಾ ಅಮೋಘಸಿದ್ದಪ್ಪನನ್ನು ಮೊದಲು ಕಂಡದ್ದು ನವಿಲುತೀರ್ಥದ ಹಿನ್ನೀರಿನ ದಂಡೆಯಲ್ಲಿ, ಜನವರಿಯ ಒಂದು ಮಂಗಳವಾರ, ಬೆಳಿಗ್ಗೆ ಎಂಟೂಕಾಲು ಗಂಟೆಗೆ. ಅವಳು ಮಂಡಿಯೂರಿ ಟೇಪು ಹಿಡಿದು ನೆಲ ಅಳೆಯುತ್ತಿದ್ದಳು. ಅವನು ಹೆಗಲ ಮೇಲೆ ಕಂಬಳಿ, ಕಂಬಳಿಯ ಮೇಲೆ ಎರಡು ದಿನದ ಕುರಿಮರಿ ಹೊತ್ತು, ಕೋಲಿಗೆ ಗದ್ದ ಊರಿ ನೋಡುತ್ತ ನಿಂತಿದ್ದ. ಮರಿಯೂ ನೋಡುತ್ತಿತ್ತು.

“ಏನ್ ಅಳಿಯಾಕ ಹತ್ತೀಯವ್ವಾ?”

“ಡೇರೆ ಹಾಕಾಕ ಜಾಗಾ ಕಾಕಾ. ಪ್ಯಾಟಿ ಮಂದಿ ಬಂದು ಒಂದ್ ರಾತ್ರಿ ಮಲಗತಾರ್ರಿ.”

“ಪಾಪ, ಮನಿ ಇಲ್ಲೇನು ಅವರಿಗೆ?”

“ಐತ್ರಿ. ದೊಡ್ಡದೈತಿ. ಡೇರೇದಾಗೂ ಮಂಚ, ಗಾದಿ, ಕನ್ನಡಿ ಇಡತೇವ್ರಿ.”

ಅವನು ಮರಿಯನ್ನು ಇನ್ನೊಂದು ಹೆಗಲಿಗೆ ಬದಲಿಸಿದ. “ಇಲ್ಲಿ ನಮ್ಮ ಕುರೀನ ಕೂಡಂಗಿಲ್ಲ. ಮೂಡಗಾಳಿ ಎದ್ದರ ನಿನ್ನ ಕನ್ನಡಿ ಬೈಲಹೊಂಗಲದಾಗ ಸಿಗತೈತಿ.”

ಮಾಲಾ ತನ್ನ ಮನೆಯ ಮೊದಲ ಪದವೀಧರೆ. ಪ್ರವಾಸಿಗರಿಗೆ ಡೇರೆ ಹಾಕಿಕೊಡುವ ಕಂಪನಿಯೊಂದು ಅವಳನ್ನು ಮೂರು ತಿಂಗಳ ಪರೀಕ್ಷೆಯ ಮೇಲೆ ತೆಗೆದುಕೊಂಡಿತ್ತು. ಶನಿವಾರ ಮೊದಲ ತಂಡ ಬಂದು ಸುಖವಾಗಿ ಮಲಗಿದರೆ ನೌಕರಿ, ಇಲ್ಲದಿದ್ದರೆ ಇಲ್ಲ. ನೀರು ಕಾಣಬೇಕು ಎಂದು ಕಂಪನಿ ಬರೆದುಕೊಟ್ಟಿತ್ತು. ಆದ್ದರಿಂದ ಅವಳು ದಂಡೆಯಲ್ಲೇ ಒಂದು ಡೇರೆ ಹಾಕಿ ನೋಡಿದಳು. ಮಧ್ಯಾಹ್ನ ಗಾಳಿಗೆ ಹಾರಿದ ಅದು ಜಾಲಿಯ ಪೊದೆಯಲ್ಲಿ ಸಿಕ್ಕಿತು. ಅವಳು ಅಮೋಘಸಿದ್ದಪ್ಪನನ್ನು ಹುಡುಕಿಕೊಂಡು ಹೋದಳು.

ಅವನು ಗುಡ್ಡದ ಮರೆಯಲ್ಲಿ ಕೊಯ್ಲಾದ ಕೆಂಪು ಮಣ್ಣಿನ ಹೊಲ ತೋರಿಸಿದ. ಅಲ್ಲಿಂದಲೂ ಒಂದಿಷ್ಟು ನೀರು ಕಾಣುತ್ತಿತ್ತು. ಹೊಲದ ಒಡೆಯ ಜಟ್ಟೆಪ್ಪನಿಗೆ, “ಶನಿವಾರ ಒಂದ್ ರಾತ್ರಿ ಹೊಲ ಬೇಕು” ಎಂದ. ಜಟ್ಟೆಪ್ಪ ಯಾಕೆಂದು ಕೇಳದೆ ಒಪ್ಪಿದ. ಕುರಿಯವರು ಹೊಲ ಕೇಳುವುದು ಕುರಿ ತರುಬಲಿಕ್ಕೆ, ಅಂದರೆ ರಾತ್ರಿ ಕೂರಿಸಲಿಕ್ಕೆ. ರಾತ್ರಿ ಹಿಂಡು ಮಲಗಿ ಎದ್ದರೆ ಬೆಳಿಗ್ಗೆ ಹೊಲದ ತುಂಬ ಗೊಬ್ಬರ. ಗೊತ್ತಿರುವುದನ್ನು ಯಾರೂ ಕೇಳುವುದಿಲ್ಲ.

ಶನಿವಾರ ಸಂಜೆ ಜಟ್ಟೆಪ್ಪ ಪದ್ಧತಿಯಂತೆ ಕುರಿಯವನಿಗೆ ಒಂದು ಚೀಲ ಜೋಳ ಹೊತ್ತು ಬಂದ. ಹೊಲದಲ್ಲಿ ನಾಲ್ಕು ಬಿಳಿ ಡೇರೆ, ಎಂಟು ಜನ ಇದ್ದರು.

“ಸಿದ್ದಪ್ಪಾ, ಕುರಿ ಎಲ್ಲೋ?”

“ಈ ಸಲ ಮಂದಿ.”

“ಎಂಟ್ ಮಂದಿಯಿಂದ ನನ್ನ ಹೊಲಕ್ಕ ಏನ್ ಗೊಬ್ಬರ ಬೀಳತೈತಿ?”

“ಏನೂ ಬೀಳಂಗಿಲ್ರಿ,” ಎಂದಳು ಮಾಲಾ ಪ್ರಾಮಾಣಿಕವಾಗಿ. “ಪಾಯಿಖಾನಿ ಡೇರೆ ಬ್ಯಾರೆ ಐತ್ರಿ.”

“ಹಂಗಾರ ಗೂಟ ಕೀಳವ್ವಾ.”

ಮಾಲಾ ಸುತ್ತಿಗೆ ಹಿಡಿದು ನಿಂತೇ ಇದ್ದಳು. ಗೂಟ ಕಿತ್ತರೆ ನೌಕರಿಯೂ ಕಿತ್ತಂತೆ. ಅಮೋಘಸಿದ್ದಪ್ಪ, “ಹೊಲ ಕೇಳಿದಾಂವ ನಾನು, ಕುರಿ ತರಾಂವನೂ ನಾನ” ಎಂದು ಹೋಗಿ, ಹೊತ್ತು ಮುಳುಗುವುದರೊಳಗೆ ಇನ್ನೂರು ಕುರಿ ಹೊಡೆದುಕೊಂಡು ಬಂದ. ಕುರಿಗಳು ಡೇರೆಗಳ ಸುತ್ತ ಕೂತವು. ಜಟ್ಟೆಪ್ಪ ಜೋಳ ಇಳಿಸಿದ.

ಬೆಳಿಗ್ಗೆ ಒಬ್ಬರು, ಕುರಿಗಳು ಕೆಮ್ಮುತ್ತವೆ ಎಂದು ದೂರು ಕೊಟ್ಟರು. ಉಳಿದ ಏಳು ಜನ, ಮನೆಯಲ್ಲೂ ಇಂಥ ನಿದ್ದೆ ಬಂದಿಲ್ಲ, ಮುಂದಿನ ಸಲವೂ ಕುರಿ ಇರಲಿ ಎಂದು ಬರೆದರು. ಕಂಪನಿ ಕುರಿಗಳನ್ನು ಸೌಲಭ್ಯಗಳ ಪಟ್ಟಿಗೆ ಸೇರಿಸಿತು. ಮಾಲಾಳ ನೌಕರಿ ಕಾಯಂ ಆಯಿತು.

ಈಗ ಅಮೋಘಸಿದ್ದಪ್ಪ ರಾಮದುರ್ಗದಿಂದ ಕಿತ್ತೂರು, ದೇಗಾಂವದವರೆಗೆ ಕುರಿ ಮೇಯಿಸುತ್ತಾನೆ. ಹಿಂಡು ಯಾವುದಾದರೂ ಹೊಲದಲ್ಲಿ ನೆಮ್ಮದಿಯಾಗಿ ಮಲಗಿ ಎದ್ದರೆ ಬೆಳಿಗ್ಗೆ ಮಾಲಾಳಿಗೆ ಫೋನ್ ಮಾಡುತ್ತಾನೆ. ಅವಳು ಟೇಪು ಹಿಡಿದು ಆ ಹೊಲಕ್ಕೆ ಹೊರಡುತ್ತಾಳೆ.