ಪಿಳ್ಳಮ್ಮನ ಮಲತಾಯಿ ಪಾತ್ರ

ಮತ್ತಿಗಿರಿಯ ನಮ್ಮ ಬೀದಿಯಲ್ಲಿ ತಪ್ಪು ಹುಡುಕುವುದರಲ್ಲಿ ಪಿಳ್ಳಮ್ಮನನ್ನು ಮೀರಿಸುವವರಿಲ್ಲ. ಶೂ ಫ್ಯಾಕ್ಟರಿಯಲ್ಲಿ ಅವಳಿಗೆ ಹನ್ನೊಂದು ವರ್ಷದಿಂದ ಚೆಕಿಂಗ್ ಕೆಲಸ. ಇಡೀ ದಿನ ಬಿಟ್ಟ ಹೊಲಿಗೆ, ಕಿತ್ತ ಅಂಟು ನೋಡಿ ನೋಡಿ ಆ ಕಣ್ಣು ಮನೆಗೆ ಬಂದರೂ ಸುಮ್ಮನಿರುವುದಿಲ್ಲ. ನಾನು ಮಾಡಿದ ಒಬ್ಬಟ್ಟಿನ ಅಂಚು ದಪ್ಪವಾಯಿತೆಂದು ನನ್ನೆದುರೇ ಹೇಳಿ, ನಾಲ್ಕು ತಿಂದು ಹೋದವಳು ಅವಳು. ಆ ಸಿಟ್ಟು ನನಗೆ ಇನ್ನೂ ಇದೆ.

ಅವಳ ಮಗಳು ಭೂಮಿಕಾ. ಹೆತ್ತ ಮಗಳಲ್ಲ. ಗಂಡ ರಾಮಾಂಜಿನಪ್ಪನ ಮೊದಲ ಹೆಂಡತಿ ತೀರಿಕೊಂಡ ಮೇಲೆ ಪಿಳ್ಳಮ್ಮ ಆ ಮನೆಗೆ ಬಂದಾಗ ಹುಡುಗಿಗೆ ಆರು ವರ್ಷ. ‘ಚಿಕ್ಕಮ್ಮ’ ಅನ್ನು ಎಂದು ಹಿರಿಯರು ಹೇಳಿಕೊಟ್ಟರು. ನಮ್ಮಲ್ಲಿ ತಾಯಿಯ ತಂಗಿಯೂ ಚಿಕ್ಕಮ್ಮನೇ, ಮಲತಾಯಿಯೂ ಚಿಕ್ಕಮ್ಮನೇ. ಬೀದಿಗೆ ಹೊಸದಾಗಿ ಬಂದವರು ತಾಯಿಯ ತಂಗಿಯೆಂದೇ ತಿಳಿಯುತ್ತಿದ್ದರು. ಎಲ್ಲರ ತಪ್ಪು ತಿದ್ದುವ ಪಿಳ್ಳಮ್ಮ ಇದೊಂದನ್ನು ಮಾತ್ರ ತಿದ್ದುತ್ತಿರಲಿಲ್ಲ.

ಈ ವರ್ಷ ಭೂಮಿಕಾಳ ಕಾಲೇಜಿನಲ್ಲಿ ಕಿರುಚಿತ್ರ ಸ್ಪರ್ಧೆ. ಹಳೆಯ ಕಥೆಯೊಂದನ್ನು ತಮಾಷೆಯಾಗಿ ಬದಲಿಸಿ ತೆಗೆಯಬೇಕು. ಅವಳು ಆರಿಸಿಕೊಂಡದ್ದು ಅರಮನೆಯ ಔತಣದಲ್ಲಿ ಒಂದು ಕಾಲಿನ ಶೂ ಕಳೆದುಕೊಂಡ, ಕೆಟ್ಟ ಮಲತಾಯಿಯ ಕೈಯಲ್ಲಿ ಬೆಳೆದ ಬಡ ಹುಡುಗಿಯ ಕಥೆ. ಆ ಶೂ ಯಾರ ಕಾಲಿಗೆ ಸರಿಹೋಗುತ್ತದೋ ಅವಳನ್ನೇ ರಾಜಕುಮಾರ ಮದುವೆಯಾಗುತ್ತಾನೆ.

ಕಥೆ ಕೇಳಿದ ಪಿಳ್ಳಮ್ಮ ತಕ್ಷಣ ತಪ್ಪು ಹಿಡಿದಳು. “ಎಷ್ಟನೇ ಸೈಜು?”

“ಐದು ಅಂತಿಟ್ಕೊ.”

“ಐದಾದ್ರೆ ನಮ್ ಫ್ಯಾಕ್ಟರೀಲೇ ಮುನ್ನೂರು ಹೆಂಗಸ್ರಿಗೆ ಆಯ್ತದೆ. ನಿಮ್ ರಾಜಕುಮಾರ ಮುನ್ನೂರು ಮದ್ವೆ ಆಗ್ಬೇಕಾಯ್ತದೆ, ಅಷ್ಟೆ.”

ಭೂಮಿಕಾ ಕುಣಿದಾಡಿಬಿಟ್ಟಳು. ಕಥೆ ಅಲ್ಲೇ ತಿರುಗಿತು. ರಾಜಕುಮಾರ ಶೂ ಹಿಡಿದು ಫ್ಯಾಕ್ಟರಿ ಗೇಟಿನಲ್ಲಿ ನಿಲ್ಲುವುದು, ಶಿಫ್ಟ್ ಬಿಟ್ಟು ಬಂದ ಹೆಂಗಸರ ಕಾಲಿಗೆಲ್ಲ ಅದು ಸರಿಹೋಗುವುದು, ಅವನು ಬಸ್ಸು ಹತ್ತಿ ಓಡುವುದು.

ಮರುದಿನ ಭೂಮಿಕಾ ಪಾತ್ರಗಳ ಪಟ್ಟಿ ತಂದಳು. ಅದರಲ್ಲಿ ‘ಮಲತಾಯಿ’ ಎಂಬುದರ ಮುಂದೆ ‘ಚಿಕ್ಕಮ್ಮ’ ಎಂದಿತ್ತು. ಪಿಳ್ಳಮ್ಮ ಓದಿದಳು, ಆಗಲಿ ಎಂದಳು. ಆಮೇಲೆ ನಮ್ಮ ಮನೆಗೆ ಬಂದು ಕಾಫಿ ಕುಡಿದು, ಕಾಫಿಯಲ್ಲಿ ಏನೂ ತಪ್ಪು ಹುಡುಕದೆ ಕೂತಳು. ನನಗೆ ಭಯವಾಯಿತು.

“ಹದಿಮೂರು ವರ್ಷ ಆಯ್ತು ಮಾಲಿನಕ್ಕ,” ಎಂದಳು. “ಆ ಮಗೀನ ಮನಸ್ನಾಗೆ ನಾನು ಇನ್ನೂ ಅದೇ ಅಂತ ಕಾಣ್ತದೆ.”

ಭಾನುವಾರ ಬೆಳಿಗ್ಗೆ ನಮ್ಮ ತಾರಸಿಯ ಮೇಲೆ ಶೂಟಿಂಗ್. ಬಡ ಹುಡುಗಿಯ ಪಾತ್ರಕ್ಕೆ ಭೂಮಿಕಾಳ ಗೆಳತಿ ಭಾನು. ಪಿಳ್ಳಮ್ಮ ಅವಳನ್ನು ಗದರಿಸಬೇಕು, ಇಷ್ಟೇ ಕೆಲಸ.

“ಔತಣಕ್ಕೆ ನೀನು ಬರ್ಬ್ಯಾಡ, ಮನೇಲೇ ಬಿದ್ದಿರು,” ಎಂದಳು ಪಿಳ್ಳಮ್ಮ, ದೇವರಿಗೆ ಹರಕೆ ಹೇಳುವವಳ ಹಾಗೆ. ಭಾನು ಮುಖ ಬಾಡಿಸಿಕೊಂಡಳು. ಅದನ್ನು ನೋಡಿ ಪಿಳ್ಳಮ್ಮ, “ಸಾರು ಬಿಸಿ ಮಾಡ್ಕೊಂಡು ಉಣ್ಣಮ್ಮಿ,” ಎಂದು ಸೇರಿಸಿಬಿಟ್ಟಳು. ಎಲ್ಲರೂ ನಕ್ಕರು. ಎರಡನೇ ಸಲವೂ ಅದೇ. ಆರನೇ ಸಲಕ್ಕೆ ಭೂಮಿಕಾ ಮೊಬೈಲು ಕೆಳಗಿಟ್ಟಳು.

“ಏನ್ ಚಿಕ್ಕಮ್ಮ, ದಿನಾ ನಂಗೆ ಬೈಯಲ್ವಾ? ಅಂಗೇ ಬೈಯಿ.”

ಪಿಳ್ಳಮ್ಮ ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತುಬಿಟ್ಟಳು. “ಮಲತಾಯಿ ಅಂದ್ರೆ ನಾನೇ ಗ್ಯಾಪ್ಕ ಬಂದ್ನಾ ನಿಂಗೆ? ಬೀದೀಲಿ ಬೇರೆ ಯಾರೂ ಸಿಗ್ಲಿಲ್ವಾ?”

ಭೂಮಿಕಾಳಿಗೆ ಮೊದಲು ಅರ್ಥವಾಗಲಿಲ್ಲ, ಅರ್ಥವಾದ ಮೇಲೆ ಮುಖ ಕೆಂಪಾಯಿತು.

“ಎದುರ್ಮನೆ ವರಲಕ್ಷ್ಮಮ್ಮೋರ್‌ನ ಕೇಳ್ದೆ, ಕೆಟ್ಟ ಪಾತ್ರ ಒಲ್ಲೆ ಅಂದ್ರು. ಭಾನು ಅವ್ರಮ್ಮನ್ನ ಕೇಳ್ದೆ, ಅವ್ರೂ ಒಲ್ಲೆ ಅಂದ್ರು. ನೀನಾದ್ರೆ ಇಲ್ಲ ಅನ್ನಲ್ಲ ಅಂತ ಬರ್ಕೊಂಡೆ,” ಎಂದಳು. ದನಿ ಸಣ್ಣದಾಯಿತು. “ನೀನು ಮಲತಾಯಿ ಅನ್ನೋದು ನಂಗೆ ಗ್ಯಾಪ್ಕಾನೇ ಇರ್ಲಿಲ್ಲ ಚಿಕ್ಕಮ್ಮ.”

ಪಿಳ್ಳಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ. ಸ್ವಲ್ಪ ಹೊತ್ತಿಗೆ ಎದ್ದು ಮುಖ ತೊಳೆದು ಬಂದವಳು ಭಾನುವನ್ನು ಹೇಗೆ ಗದರಿಸಿದಳೆಂದರೆ, ಆ ಹುಡುಗಿ ಮಾತು ಮರೆತು ನಿಜವಾಗಿ ಹಿಂದಕ್ಕೆ ಸರಿದಳು. ಕೆಳಗಿನ ಮನೆಯವರು ಏನಾಯಿತೆಂದು ಮೇಲೆ ಓಡಿ ಬಂದರು.

“ಏನೂ ಇಲ್ಲ, ಆಕ್ಟಿಂಗು,” ಎಂದಳು ಪಿಳ್ಳಮ್ಮ. “ನಾನು ಮಲತಾಯಿ.”