ಪುರಸೊತ್ತುಪುರದ ಕಲ್ಲು

ಹೇಳಿದರೆ ನಗುತ್ತೀರಿ, ಆದರೂ ಹೇಳಿಬಿಡುತ್ತೇನೆ. ನನಗೊಂದು ರಾಜ್ಯವಿದೆ. ಪೂರ್ತಿ ನನ್ನದಲ್ಲ, ಅರ್ಧ ಮಾತ್ರ. ಇನ್ನರ್ಧ ಪಕ್ಕದ ಮನೆಯ ಜುಬೇದಾಳದು. ಸೈನ್ಯವಿಲ್ಲ, ಖಜಾನೆಯಿಲ್ಲ, ಪ್ರಜೆಗಳು ಯಾರೆಂಬುದು ಇನ್ನೂ ತೀರ್ಮಾನವಾಗಿಲ್ಲ. ಆದರೆ ಅರಮನೆ ಇದೆ, ಮಾಯದ ಸಾಮಾನುಗಳಿವೆ, ರಾಣಿಯರ ಉಡುಪಿಗೆ ಕಟ್ಟುನಿಟ್ಟಾದ ನಿಯಮಗಳಿವೆ. ರಾಜನನ್ನು ಇಟ್ಟುಕೊಳ್ಳುವುದು ಮಾತ್ರ ಮರೆತೇಹೋಗಿತ್ತು. ಬಹಳ ವರ್ಷಗಳ ಮೇಲೆ ನೆನಪಾಯಿತು. ಇಷ್ಟು ದಿನ ಚೆನ್ನಾಗಿಯೇ ನಡೆದಿದೆಯಲ್ಲ, ಈಗ್ಯಾಕೆ ಅಂತ ಸುಮ್ಮನಾದೆವು.

ನಾನು ಮೊಳಕಾಲ್ಮೂರಿನ ನೇಕಾರರ ಮನೆಯ ಹುಡುಗಿ, ಮದುವೆಯಾಗಿ ಚಳ್ಳಕೆರೆಗೆ ಬಂದವಳು. ಬಂದ ಹೊಸದರಲ್ಲೇ ಒಂದು ದಿನ ಎರಡು ಮನೆಗಳ ನಡುವಿನ ಎದೆಮಟ್ಟದ ಗೋಡೆಯ ಮೇಲೆ ಒಂದು ಮುಖ ಕಾಣಿಸಿಕೊಂಡು, "ಸರೋಜಕ್ಕಾ, ಒಂಚೂರು ಬಾ, ಮಾತಾಡೋಣ" ಅಂದಿತು. ನಾನು ವಾಡಿಕೆಯಂತೆ "ಪುರಸೊತ್ತಿಲ್ಲ ಕಣೆ" ಅಂದೆ.

"ನಂಗೂ ಫುರ್ಸತ್ ಇಲ್ಲ. ನಮ್ಮತ್ತೆಗಿಲ್ಲ, ನಿಮ್ಮತ್ತೆಗೂ ಇಲ್ಲ. ಈ ಪುರಸೊತ್ತು ಅನ್ನೋ ಊರು ಎಲ್ಲೈತೆ? ಬಸ್ಸಾದ್ರೂ ಹೋಗ್ತೈತಾ?"

"ನಾಯಕನಹಟ್ಟಿ ಬಸ್ಸು ಹತ್ತಿ ಕಂಡಕ್ಟರನ್ನ ಕೇಳ್ಬೇಕು" ಅಂದೆ. ಊರು ಹುಟ್ಟಿದ್ದು ಹೀಗೆ.

ಆ ಪದದ ಮೇಲೆ ನನಗೆ ಬಹಳ ಅಭಿಮಾನ. ಜುಬೇದಾಳ ಮನೆಯಲ್ಲಿ ಅದು ಉರ್ದುವಿನ ಫುರ್ಸತ್. ಗೋಡೆ ದಾಟಿ ನಮ್ಮ ಕಡೆ ಇಳಿಯುವಷ್ಟರಲ್ಲಿ ಪುರಸೊತ್ತು. ದಾಟುವ ಗಡಿಬಿಡಿಯಲ್ಲೂ ಬರಿಗೈಯಲ್ಲಿ ಬಂದಿಲ್ಲ ನೋಡಿ, ಒಂದು ಪುರವನ್ನೂ ಒಂದಿಷ್ಟು ಸೊತ್ತನ್ನೂ ಸೆರಗಿನಲ್ಲಿ ಕಟ್ಟಿಕೊಂಡೇ ಬಂದಿದೆ. ಪಂಡಿತರು ಈ ವ್ಯುತ್ಪತ್ತಿಯನ್ನು ಒಪ್ಪಲಿಕ್ಕಿಲ್ಲ. ಒಪ್ಪದ ಪಂಡಿತರಿಗೆ ನಮ್ಮ ರಾಜ್ಯದಲ್ಲಿ ಪ್ರವೇಶವಿಲ್ಲ.

ಗೇಟಿನಿಂದಲೇ ಹೋಗಿ ಮಾತಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೇಳುವವರು ಗಂಡಸರೇ ಇರಬೇಕು. ಗೇಟಿನಿಂದ ಹೋದರೆ ಅದು ಭೇಟಿ. ಸೀರೆ ಬದಲಿಸಬೇಕು, ತಲೆ ಬಾಚಬೇಕು, ಎಲ್ಲಿಗೆ ಎಂದರೆ ಉತ್ತರ ಕೊಡಬೇಕು, ಹೋದಲ್ಲಿ ಟೀ ಕುಡಿಯಬೇಕು, ಕುಡಿದ ತಪ್ಪಿಗೆ ಅವಳನ್ನೂ ಟೀಗೆ ಕರೆಯಬೇಕು. ಗೋಡೆಯ ಮೇಲಿನ ಮಾತಿಗೆ ಇದ್ಯಾವುದೂ ಇಲ್ಲ. ಕೈಯಲ್ಲೊಂದು ಒದ್ದೆ ಬಟ್ಟೆಯೋ ಸೊಪ್ಪಿನ ಕಟ್ಟೋ ಇದ್ದರೆ ಸಾಕು, ಲೋಕದ ಕಣ್ಣಿಗೆ ನಾವು ಕೆಲಸ ಮಾಡುತ್ತಿರುತ್ತೇವೆ.

ಜುಬೇದಾ ಗಿಡ್ಡ. ನನ್ನ ಮುಖ ಕಾಣಬೇಕಾದರೆ ಅವಳು ಗೋಡೆಯ ಬುಡದಲ್ಲಿದ್ದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಬೇಕು. ಒಂದು ಸಲ ಹಾಗೆ ಹತ್ತಿ ನಿಂತವಳು, "ಸರೋಜಕ್ಕಾ, ನಿನ್ನೆ ಕೊಟ್ಟಿದ್ಯಲ್ಲ ಕೊಬ್ಬರಿ ಮಿಠಾಯಿ, ಅದನ್ನ ಒಡಿಯಾಕೆ ಈ ಕಲ್ಲೇ ಬೇಕಾಯ್ತು" ಅಂದಳು. ನನ್ನ ಮುಖ ಇಳಿದದ್ದನ್ನು ಕಂಡು ಗಾಬರಿಯಾಗಿ, "ತೌಬಾ ತೌಬಾ, ನಾನಲ್ಲಕ್ಕಾ, ಈ ಕಲ್ಲು ಹೇಳ್ಸಿದ್ದು!" ಅಂದುಬಿಟ್ಟಳು. ಅಂದಿನಿಂದ ಅದು ಪುರಸೊತ್ತುಪುರದ ಸತ್ಯದ ಕಲ್ಲು. ಅದರ ಮೇಲೆ ನಿಂತವರು ಸುಳ್ಳು ಹೇಳುವ ಹಾಗಿಲ್ಲ. ನಾನು ಎತ್ತರದವಳು, ನನಗೆ ಕಲ್ಲು ಬೇಕಿರಲಿಲ್ಲ. ಹೀಗಾಗಿ ಅಷ್ಟು ವರ್ಷವೂ ನಮ್ಮಿಬ್ಬರಲ್ಲಿ ಸುಳ್ಳು ಹೇಳುವ ಅನುಕೂಲ ನನ್ನೊಬ್ಬಳಿಗೇ ಇತ್ತು.

ಕಲ್ಲಿನ ಹಿಂದೆಯೇ ಬೇರೆ ಮಾಯದ ಸಾಮಾನುಗಳೂ ಬಂದವು. ಪಾತ್ರೆಯ ಮೇಲೆ ಅಡ್ಡ ಇಟ್ಟರೆ ಹಾಲು ಉಕ್ಕದಂತೆ ತಡೆಯುವ ಸೌಟು. ಬಂದ ನೆಂಟರು ನಿಜವಾಗಿ ಯಾಕೆ ಬಂದಿದ್ದಾರೆಂದು ಪಿಸುಗುಡುವ ಚೊಂಬು. ನಮ್ಮ ಚಳ್ಳಕೆರೆ ಕಂಬಳಿಯ ಊರಲ್ಲವೇ, ಹೊದ್ದರೆ ಮನೆಯವರ ಕಣ್ಣಿಗೆ ಕಾಣದಂತೆ ಮಾಡುವ ಒಂದು ಕರಿ ಕಂಬಳಿ. ಮಧ್ಯಾಹ್ನ ಊಟವಾದ ಮೇಲೆ ಅದನ್ನು ಹೊದ್ದು ಮಲಗಿದರೆ ಸಂಜೆಯವರೆಗೆ ಯಾರೂ ನೀರು ಕೇಳುವುದಿಲ್ಲ. ಕಂಬಳಿ ನಿನಗೊಬ್ಬಳಿಗೇ ಇರಲಿ ಅಂದಳು ಜುಬೇದಾ. "ನಂಗೆ ಅಂಥದ್ದು ಹತ್ತಲ್ಲ ಬಿಡಕ್ಕಾ. ಬುರ್ಖಾ ಹಾಕ್ಕೊಂಡು ಸಂತೆಗೆ ಹೋದ್ರೂ, ದೂರದಿಂದ್ಲೇ ನನ್ನ ನಡಿಗೆ ನೋಡಿ 'ಜುಬೇದಾ ಆಪಾ, ಈರುಳ್ಳಿ ಬೇಕಾ' ಅಂತಾರೆ."

ಕಥೆಗಳಲ್ಲಿ ಬರುವ ಹಾರುವ ಪಾದುಕೆ, ಕಾಣಿಸದ ಉತ್ತರೀಯ ಇವುಗಳನ್ನು ಕಟ್ಟಿದವರು ಖಂಡಿತ ಬಟ್ಟೆ ಒಗೆದವರಲ್ಲ. ಕಾಣಿಸದ ಉತ್ತರೀಯವನ್ನು ಹಗ್ಗದ ಮೇಲೆ ಒಣಹಾಕಿದರೆ ಆಮೇಲೆ ಹುಡುಕುವುದು ಹೇಗೆ? ನಾವು ಇಂಥದ್ದನ್ನೆಲ್ಲ ಯೋಚಿಸಿಯೇ ರಾಣಿಯರ ಸೀರೆಯನ್ನು ಗೊತ್ತುಮಾಡಿದೆವು. ಉಟ್ಟವಳ ಮನಸ್ಸಿನಂತೆ ಅದರ ಬಣ್ಣ ಬದಲಾಗಬೇಕು, ಮತ್ತು ಅದಕ್ಕೊಂದು ಜೇಬಿರಬೇಕು. ಬಣ್ಣದ ವಿಷಯದಲ್ಲಿ ರಾಜಿಗೆ ಸಿದ್ಧ, ಜೇಬಿನ ವಿಷಯದಲ್ಲಿಲ್ಲ.

ತವರಿಗೆ ಹೋದಾಗ ಮಗ್ಗದ ಮುಂದೆ ಕೂತಿದ್ದ ನಮ್ಮಣ್ಣನಿಗೆ ಇದನ್ನು ಹೇಳಿದೆ. ನಮ್ಮನೆಯ ಮಾತು ತೆಲುಗು. ಅಣ್ಣನಿಗೆ ಆಶ್ಚರ್ಯವಾದರೆ ತೆಲುಗು, ಬುದ್ಧಿ ಹೇಳುವುದಾದರೆ ಕನ್ನಡ. "ಪಟ್ಟುಚೀರಕಿ ಜೇಬಾ?" ಎಂದು, ರೇಷ್ಮೆ ಸೀರೆಗೂ ಜೇಬೇ ಎಂಬ ಬೆರಗಿನಲ್ಲಿ ಲಾಳಿ ನಿಲ್ಲಿಸಿದ. ಆಮೇಲೆ ಕನ್ನಡಕ್ಕೆ ಬಂದು, "ಬಂದೋರೆಲ್ಲಾ ಮಾಸದ ಸೀರೆ ಕೇಳ್ತಾರೆ. ನೀನೊಬ್ಳು ಮಾಯದ ಸೀರೆ ಕೇಳ್ತೀಯಲ್ಲಮ್ಮಾ. ಮನಸ್ಸಿದ್ದಂಗೆ ಬಣ್ಣ ಬದಲಾಗೋದನ್ನ ನಿಮ್ಮತ್ತಿಗೆಗೆ ಉಡಿಸಿದ್ರೆ, ಮಧ್ಯಾಹ್ನದೊಳಗೆ ರೇಷ್ಮೆಗೇ ಸುಸ್ತಾಗ್ತೈತೆ" ಅಂದ. ಒಳಗಿನಿಂದ ಅತ್ತಿಗೆ ಕೆಮ್ಮಿದಳು, ಲಾಳಿ ತಟ್ಟನೆ ಓಡತೊಡಗಿತು.

ಅಣ್ಣ ನಕ್ಕನೇ ಹೊರತು ನನ್ನನ್ನು ಬರಿಗೈಯಲ್ಲಿ ಕಳಿಸಲಿಲ್ಲ. ಮಗ್ಗದಲ್ಲಿ ಮಿಕ್ಕಿದ್ದ ನೇರಳೆ ರೇಷ್ಮೆಯ ಒಂದು ತುಂಡು ಕೊಟ್ಟ. ಅದರಿಂದ ಜುಬೇದಾಳ ಬುರ್ಖಾದ ಒಳಗಡೆ ಒಂದು ಜೇಬು ಹೊಲಿದುಕೊಟ್ಟೆ. ಹೊರಗೆ ಯಾರಿಗೂ ಕಾಣದ ಆ ಜೇಬೇ ಪುರಸೊತ್ತುಪುರದ ಅಧಿಕೃತ ರಾಜಪೋಷಾಕು. ಅದನ್ನು ಹಾಕಿಕೊಂಡು ಸಂತೆಗೆ ಹೋಗುವಾಗ ಒಂದು ಕೈ ಸದಾ ಜೇಬಿನ ಮೇಲೇ ಇಟ್ಟುಕೊಂಡು ನಡೆಯುತ್ತಾಳೆ. ಈಗ ಈರುಳ್ಳಿಯವನು ಇನ್ನೂ ದೂರದಿಂದಲೇ ಗುರುತು ಹಿಡಿಯುತ್ತಾನಂತೆ.

ಅಣ್ಣ ಬಾಯಿತಪ್ಪಿ ಹೇಳಿದ ಆ ಮಾಯದ ಸೀರೆ ನನ್ನ ತಲೆಯಲ್ಲೇ ಉಳಿಯಿತು. ಕನ್ನಡದಲ್ಲಿ ಇದ್ದದ್ದು ಇಲ್ಲವಾದರೂ ಮಾಯ, ಗಾಯ ವಾಸಿಯಾದರೂ ಮಾಯಿತು ಎನ್ನುತ್ತೇವೆ. ನಮ್ಮ ಭಾಷೆ ಕಟ್ಟಿದವರಿಗೆ ಇಲ್ಲವಾಗುವುದಕ್ಕೂ ವಾಸಿಯಾಗುವುದಕ್ಕೂ ಏನೋ ನಂಟು ಕಂಡಿರಬೇಕು. ಗೋಡೆಯ ಬಳಿ ನಿಂತು ಸ್ವಲ್ಪ ಹೊತ್ತು ಈ ಲೋಕದಿಂದ ಮಾಯವಾಗಿ ಹಿಂದಿರುಗಿದರೆ, ಬೆಳಗ್ಗೆ ಯಾರೋ ಅಂದ ಮಾತಿನ ಗಾಯ ಮಾಯ್ದಿರುತ್ತಿತ್ತು. ಒಲೆಯ ಮೇಲಿನ ಸಾರು ಸೀದಿರುತ್ತಿತ್ತು ಎನ್ನುವುದು ಬೇರೆ ಮಾತು.

ಇನ್ನು ಅರಮನೆ. ಹಳೆಯ ಕಥೆಗಳ ಏಳುಪ್ಪರಿಗೆಯ ಅರಮನೆಗಳನ್ನು ನಾನು ಗಮನವಿಟ್ಟು ಕೇಳಿದ್ದೇನೆ. ಮುತ್ತಿನ ಚಪ್ಪರ, ಹವಳದ ಕಂಬ ಎಲ್ಲ ಇರುತ್ತದೆ. ಅಡಿಗೆಮನೆ ಎಲ್ಲಿ ಎಂದು ಯಾರೂ ಹೇಳುವುದಿಲ್ಲ. ಇದ್ದರೂ ಹಿಂದುಗಡೆ ಕತ್ತಲಲ್ಲಿ ಎಲ್ಲೋ ಇರಬೇಕು, ಜುಬೇದಾಳ ಮನೆಯಲ್ಲಿದ್ದ ಹಾಗೆ. ನಮ್ಮ ಅರಮನೆಯಲ್ಲಿ ಅಡಿಗೆಮನೆ ರಸ್ತೆಗೆ ಎದುರಾಗಿ, ಆನೆ ನುಗ್ಗುವಷ್ಟು ದೊಡ್ಡ ಕಿಟಕಿಯೊಂದಿಗೆ ಇರುತ್ತದೆ. ಸೊಪ್ಪು ಬಿಡಿಸುತ್ತಲೇ ರಾಣಿಯರು ರಾಜಬೀದಿಯ ವಿಚಾರಣೆ ಮಾಡಬಹುದು. ನೆಂಟರು ಕೂರುವ ಹಾಲ್ ಮಾತ್ರ ಬಹಳ ಚಿಕ್ಕದು. ಕೂತರೆ ಎದುರುಗೋಡೆಗೆ ಮಂಡಿ ತಾಕಬೇಕು, ತಾಕಿದವರು ಬೇಗ ಏಳಬೇಕು.

ಹೀಗೆ ಸುಖವಾಗಿದ್ದ ರಾಜ್ಯಕ್ಕೆ ಕಳೆದ ಬೇಸಿಗೆಯಲ್ಲಿ ಆಪತ್ತು ಬಂತು. ಜುಬೇದಾಳ ಗಂಡ ರಹಮತ್ ಸಾಹೇಬರು ಬೈಕು ರಿಪೇರಿಯವರು. ಅವರು ಹಳೆಯ ಮಣ್ಣಿನ ಮಾಳಿಗೆ ಮನೆ ಕೆಡವಿ ಹೊಸದು ಕಟ್ಟಿಸಲು ಹೊರಟರು. ಹಿಂದಿನ ಒಂದು ಕೋಣೆ ಉಳಿಸಿಕೊಂಡು ಅಲ್ಲೇ ಇದ್ದರು. ಹೊಸ ಮನೆಗೆ ತಕ್ಕಂತೆ ನಡುವಿನ ಗೋಡೆಯನ್ನೂ ಆಳೆತ್ತರಕ್ಕಿಂತ ಮೇಲೆ ಎಬ್ಬಿಸುವುದೆಂದಾಯಿತು. ನಮ್ಮನೆಯವರಂತೂ, "ಒಳ್ಳೇದೇ ಆಯ್ತು, ಅವ್ರ ಬೆಕ್ಕು ಬರೋದು ತಪ್ತೈತೆ" ಎಂದು ಖುಷಿಪಟ್ಟರು. ಆ ದಿನ ನನಗೆ ಅನ್ನ ಸೇರಲಿಲ್ಲ. ಬೇಡ ಎನ್ನಲು ಕಾರಣ ಏನು ಕೊಡುವುದು? ಒಂದು ರಾಜ್ಯ ಮುಳುಗುತ್ತದೆ ಎಂದರೆ ಯಾರು ಕೇಳುತ್ತಾರೆ? ರಹಮತ್ ಸಾಹೇಬರು ಮನೆ ಹೇಗಿರಬೇಕೆಂದು ಹೆಂಡತಿಯನ್ನು ಕೇಳದೆ ಇರಲಿಲ್ಲ. ಅಷ್ಟು ವರ್ಷ ಅರಮನೆ ಕಟ್ಟಿದ್ದ ಆ ಮಹಾರಾಣಿ, "ನೀವು ಹೆಂಗಂದ್ರೂ ಸರಿ" ಅಂದುಬಿಟ್ಟಳು. ಗೋಡೆಯ ಹತ್ತಿರ ಬಂದು ಮಾತ್ರ ದಿನವೂ ಅರಮನೆಯನ್ನು ಇನ್ನಷ್ಟು ಬಿರುಸಾಗಿ ಕಟ್ಟುತ್ತಿದ್ದಳು. ಉಳಿದಿರುವ ದಿನ ಕಡಿಮೆ ಎಂದು ನಾನೂ ಕೈಜೋಡಿಸಿದೆ.

ತಳುಕಿನ ಕಡೆಯಿಂದ ಬಂದ ಓಬಳೇಶ ಮೇಸ್ತ್ರಿ ಅಲ್ಲೇ ಕಲ್ಲು ಕೆತ್ತುತ್ತ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಾನೆಂದು ನಮಗೇನು ಗೊತ್ತು! ಮನೆಯೊಡತಿಯರು ನೇರ ಕೇಳಿದರೆ ಬಾಯಿ ಬಿಡುವುದಿಲ್ಲ, ಪಕ್ಕದ ಮನೆಯವರ ಹತ್ತಿರ ಹೇಳಿಕೊಳ್ಳುತ್ತಾರೆ, ಆಮೇಲೆ ಗೃಹಪ್ರವೇಶದ ದಿನ ಮೇಸ್ತ್ರಿಯನ್ನು ಬೈಯುತ್ತಾರೆ ಎನ್ನುವುದು ಅವನ ಅನುಭವವಂತೆ. ಈ ಸಲ ಬೈಸಿಕೊಳ್ಳಬಾರದೆಂದು ಕಿವಿಗೆ ಬಿದ್ದದ್ದನ್ನೆಲ್ಲ ಕಟ್ಟತೊಡಗಿದ. ಬೆಳಗ್ಗೆ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದ ರಹಮತ್ ಸಾಹೇಬರು ಒಂದು ಸಂಜೆ ಬೇಗ ಬಂದು ನೋಡಿದರೆ, ಗೋಡೆಗಳು ಸೊಂಟದ ಮಟ್ಟಕ್ಕೆ ಎದ್ದಿವೆ.

"ಏನ್ ಮೇಸ್ತ್ರಿ ಇದು? ಹಾಲಾ, ಕೋಳಿಗೂಡಾ?"

"ಅಮ್ಮೋರು ಹೇಳಿದ್ದೇ ಹಂಗಲ್ರೀ! ನೆಂಟ್ರ ಮಂಡಿ ಗೋಡೆಗೆ ತಾಕ್ಬೇಕು, ಬೇಗ ಎದ್ದೋಗ್ಬೇಕು ಅಂತ. ಅಡಿಗೆಮನೆ ರಸ್ತೆ ಕಡೀಗೆ, ಕಿಟಕಿ ಆನೆ ನುಗ್ಗೋ ಅಷ್ಟು ಅಂತ. ಆನೆ ಎಲ್ಲಿ ಕಟ್ಟೋದು ಅಂತ ಮಾತ್ರ ನಂಗೆ ಸರಿಯಾಗಿ ಕೇಳಿಸ್ಲಿಲ್ಲ."

ಜುಬೇದಾ ಆಗ ನನ್ನೊಡನೆ ಮಾತಾಡುತ್ತ ಕಲ್ಲಿನ ಮೇಲೇ ನಿಂತಿದ್ದಳು. ರಹಮತ್ ಸಾಹೇಬರು ಅವಳ ಕಡೆ ತಿರುಗಿದರು. ಮನೆಯಲ್ಲಿ ಉರ್ದು ಆಡುವವರು, ಮೇಸ್ತ್ರಿಗೂ ತಿಳಿಯಲಿ ಎಂದೋ ಏನೋ, ಕನ್ನಡದಲ್ಲೇ ಕೇಳಿದರು. "ನಾನು ಕೇಳ್ದಾಗ ಹೆಂಗಂದ್ರೂ ಸರಿ ಅಂದ್ಯಲ್ಲ. ಇದೆಲ್ಲ ನೀನು ಹೇಳಿದ್ದಾ?"

ಸುಮ್ಮನೆ ತಮಾಷೆಗೆ ಅಂದದ್ದು ಎಂದರೆ ಮುಗಿದುಹೋಗುತ್ತಿತ್ತು. ನಾನು ಕಣ್ಸನ್ನೆಯಲ್ಲೇ ಹಾಗನ್ನು ಎಂದು ಸೂಚಿಸಿದೆ. ಅವಳು ನನ್ನನ್ನು ನೋಡಲಿಲ್ಲ. ತನ್ನ ಕಾಲ ಕೆಳಗೆ ನೋಡಿಕೊಂಡಳು.

"ಹೌದು, ನಾನೇ ಹೇಳಿದ್ದು. ಹಿಂದ್ಗಡೆ ಕತ್ತಲಲ್ಲಿ ಹೊಗೆ ಕುಡ್ದು ಸಾಕಾಗೈತೆ. ರೊಟ್ಟಿ ತಟ್ಟೋವಾಗ ನಂಗೆ ರಸ್ತೆ ಕಾಣ್ಬೇಕು, ಜನ ಕಾಣ್ಬೇಕು. ಈ ಗೋಡೆ ಎಬ್ಬಿಸ್ಬೇಡ್ರಿ. ಸರೋಜಕ್ಕನ ಮುಖ ನೋಡ್ದಿದ್ರೆ ನಂಗೆ ದಿನ ಹೋಗಲ್ಲ."

ಯಾವ ಮುಖ ನೋಡದಿದ್ದರೆ ಅವಳಿಗೆ ದಿನ ಹೋಗುವುದಿಲ್ಲವೋ ಆ ಮುಖ ಅಷ್ಟು ಹೊತ್ತಿಗೆ ಗೋಡೆಯ ಕೆಳಗೆ ಅಡಗಿತ್ತು. ಬಿದ್ದೇ ಇಲ್ಲದ ಕರಿಬೇವನ್ನು ಆರಿಸುತ್ತಿದ್ದೆ. ಕಣ್ಣಲ್ಲಿ ನೀರು ಬಂದು ಏನೂ ಕಾಣುತ್ತಿರಲಿಲ್ಲವಾದ್ದರಿಂದ ಕರಿಬೇವು ಇಲ್ಲದ್ದೇ ಒಳ್ಳೆಯದಾಯಿತು.

ಆಚೆ ಕಡೆಯಿಂದ ರಹಮತ್ ಸಾಹೇಬರ ದನಿ ಮೆತ್ತಗೆ ಕೇಳಿತು. "ಗಾಡಿಯಾದ್ರೆ ಸೌಂಡಲ್ಲೇ ಗೊತ್ತಾಗ್ತೈತೆ ಎಲ್ಲಿ ತೊಂದ್ರೆ ಅಂತ. ನೀನು ಇಷ್ಟು ವರ್ಷ ಸೌಂಡೇ ಮಾಡ್ಲಿಲ್ವಲ್ಲ ಜುಬೇದಾ." ಮತ್ತೆ ಮೇಸ್ತ್ರಿಗೆ, "ಅಡಿಗೆಮನೆ ಹಿಂಗೇ ಇರ್ಲಿ. ಹಾಲ್ ಮಾತ್ರ ದೊಡ್ದು ಮಾಡ್ರಿ, ನಂಗೂ ಮಂಡಿ ಐತಲ್ಲ."

ಹೀಗೆ ಮನೆಯಾಯಿತು. ಗೋಡೆ ಉದ್ದಕ್ಕೂ ಎತ್ತರಕ್ಕೆ ಎದ್ದು, ನಾವು ನಿಲ್ಲುವ ಕಡೆ ಮಾತ್ರ ಹಲ್ಲು ಬಿದ್ದ ಬಾಯಿಯ ಹಾಗೆ ತಗ್ಗಾಗಿದೆ. ಬೆಕ್ಕು ಈಗ ಅಲ್ಲಿಂದ ಇನ್ನೂ ಗತ್ತಿನಲ್ಲಿ ಬರುತ್ತದೆ, ನಮ್ಮನೆಯವರು ಮಾತಾಡುವುದಿಲ್ಲ. ಆದರೆ ಓಬಳೇಶ ಮೇಸ್ತ್ರಿ, ತೀರಾ ತಗ್ಗಾದರೆ ನೋಟಕ್ಕೆ ಚೆನ್ನಾಗಿರುವುದಿಲ್ಲ ಎಂದು ಅಲ್ಲಿಯೂ ಒಂದು ವರಸೆ ಕಲ್ಲು ಏರಿಸಿಬಿಟ್ಟಿದ್ದ. ಈಗ ನನ್ನ ಎತ್ತರವೂ ಸಾಲದು. ಅದಕ್ಕೆ ಅವನೇ ಹಳೆಯ ಮನೆಯ ಹೊಸ್ತಿಲ ಕಲ್ಲನ್ನು ಹೊತ್ತು ತಂದು ನನ್ನ ಕಡೆ ಹಾಕಿಕೊಟ್ಟ. ಜುಬೇದಾ ಕೂಡಲೇ ಅದನ್ನೂ ಸತ್ಯದ ಕಲ್ಲೆಂದು ಘೋಷಿಸಿದಳು.

ಹೊಸ ಮನೆಯ ಊಟವಾದ ಮರುದಿನ ಮೊದಲ ಬಾರಿಗೆ ನಾನೂ ಕಲ್ಲು ಹತ್ತಿದೆ. ಅವಳು ಕಾದಿದ್ದವಳ ಹಾಗೆ ಕೇಳಿದಳು. "ನಿಜ ಹೇಳಕ್ಕಾ. ಗೋಡೆ ಎದ್ದೇಬಿಟ್ಟಿದ್ರೆ ಏನ್ ಮಾಡ್ತಿದ್ದೆ?"

"ಹುಚ್ಚು ಹಿಡೀತಿತ್ತು ಕಣೆ ನಂಗೆ" ಅಂದೆ. ಅಷ್ಟು ವರ್ಷದಲ್ಲಿ ಗೋಡೆಯ ಮೇಲಿಂದ ನಾನು ಹೇಳಿದ ಅತಿ ನೇರ ಮಾತು ಅದೇ ಇರಬೇಕು.

ಆಮೇಲೆ ಅವಳು ಕಣ್ಣೊರೆಸಿಕೊಂಡು, ಮುಖ ಅರಳಿಸಿ, "ನಿನ್ನೆ ನಾನು ಮಾಡಿದ್ದ ಫಿರ್ನಿ ಪಾಯಸ ಹೆಂಗಿತ್ತು?" ಅಂದಳು.

ನಾನು ಸೆರಗು ಸರಿಮಾಡಿಕೊಂಡು ಕಲ್ಲಿನಿಂದ ಇಳಿದೆ. ನೆಲದ ಮೇಲೆ ಭದ್ರವಾಗಿ ನಿಂತು, ಅವಳಿಗೆ ಕೇಳಿಸುವ ಹಾಗೆ ಗಟ್ಟಿಯಾಗಿ, "ಬಹಳ ಚೆನ್ನಾಗಿತ್ತು!" ಅಂದೆ.