ಜಪಾನ್ ಪದ್ಧತಿ ಅನ್ನ

ತಂಗಳನ್ನವನ್ನು ಹೊಗಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ದೇಹಕ್ಕೆ ತಂಪು, ಹೊಟ್ಟೆಗೆ ಹಿತ, ಹಳೇ ಕಾಲದವರು ಬಹಳ ಬುದ್ಧಿವಂತರು ಎಂದು ಭಾಷಣ ಬಿಗಿಯುವ ಇವರಲ್ಲಿ ಒಬ್ಬರಾದರೂ ಬೇರೆ ಗತಿಯಿಲ್ಲದೆ ಅದನ್ನು ತಿಂದಿದ್ದಾರೆಯೇ? ನಾನು ತಿಂದಿದ್ದೇನೆ. ಮದುವೆಯಾಗಿ ಹೆಬ್ಬಾಳದ ಕೆರೆ ಪಕ್ಕದ ಆ ಮನೆಗೆ ಕಾಲಿಟ್ಟ ಮಾರನೆಯ ಬೆಳಿಗ್ಗೆಯಿಂದಲೇ ತಿಂದಿದ್ದೇನೆ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು.

ಅದೇನು ಇಲ್ಲದವರ ಮನೆಯಲ್ಲ. ಕೆರೆಯ ಕೆಳಗೆ ಗದ್ದೆ, ಈಗ ಸಂಜಯನಗರ ಎನ್ನುತ್ತಾರಲ್ಲ ಆ ಕಡೆ ರಾಗಿ ಹೊಲ, ಕೊಟ್ಟಿಗೆ ತುಂಬ ದನ. ಮಧ್ಯಾಹ್ನ ಮುದ್ದೆ, ರಾತ್ರಿ ಅನ್ನ. ಬೆಳಿಗ್ಗೆ ಗಂಡಸರಿಗೆ ಬಿಸಿ ರೊಟ್ಟಿ, ಆಳುಗಳಿಗೂ ಬಿಸಿ ರೊಟ್ಟಿ. ರಾತ್ರಿ ಮಿಕ್ಕ ಅನ್ನ ಮಾತ್ರ ಸೊಸೆಗೆ, ಮೇಲೊಂದಿಷ್ಟು ನೀರು ಮಜ್ಜಿಗೆ. ಒಂದು ದಿನ ತಡೆಯಲಾರದೆ ಅತ್ತೆಯನ್ನು ಕೇಳಿಯೇಬಿಟ್ಟೆ.

"ಆಳುಗಳಿಗೇ ಬಿಸಿ ಕೊಡ್ತೀರಲ್ಲ ಅತ್ತೆ, ನಂಗ್ಯಾಕಿಲ್ಲ?"

"ತಂಗ್ಳು ಇಕ್ಕಿದ್ರೆ ಆಳು ಇನ್ನೊಬ್ಬರ ಗದ್ದೆಗೆ ಓಯ್ತಾನೆ. ನೀನೆಲ್ಲಿಗೆ ಓಯ್ತೀಯ?" ಎಂದರು ಅತ್ತೆ. ರೊಟ್ಟಿ ತಟ್ಟುತ್ತಿದ್ದ ಕೈ ಕೂಡ ನಿಲ್ಲಲಿಲ್ಲ.

ಅವರ ಕಾಲದಲ್ಲಿ ಅವರ ಅತ್ತೆಯೂ ಅವರಿಗೆ ತಂಗಳೇ ಇಕ್ಕಿದ್ದರಂತೆ. ಆ ಮುದುಕಿ ಸತ್ತು ಮಣ್ಣಾಗಿದ್ದಳು, ಅವಳ ಮೇಲಿನ ಸೇಡನ್ನು ಇವರು ನನ್ನ ತಟ್ಟೆಯಲ್ಲಿ ತೀರಿಸಿಕೊಳ್ಳುತ್ತಿದ್ದರು. ಮಾವನದು ಇನ್ನೊಂದು ಬಗೆ. ಅವರು ತಂಗಳನ್ನು ಕೈಯಿಂದಲೂ ಮುಟ್ಟುವವರಲ್ಲ. "ಅಬೆ ಆಡ್ದಿರೋ ಅನ್ನ ನಾಯಿಗೆ" ಎಂದು ಜಗಲಿಯ ಮೇಲೆ ಕೂತು ಬಂದವರಿಗೆಲ್ಲ ಹೇಳುತ್ತಿದ್ದರು. ಅದೇ ಹೊತ್ತಿನಲ್ಲಿ ನಾನು ಅಡುಗೆಮನೆಯ ಹೊಸ್ತಿಲ ಪಕ್ಕ ಕೂತು ಆ ಹಬೆಯಾಡದ ಅನ್ನವನ್ನು ಮಜ್ಜಿಗೆಯಲ್ಲಿ ಕಿವುಚುತ್ತಿರುತ್ತಿದ್ದೆ. ಮಾತು ನನಗೆ ಕೇಳಿಸುತ್ತದೆ ಎನ್ನುವುದು ಅವರಿಗೆ ಗೊತ್ತಿತ್ತು.

ಬಸುರಿಯಾದಾಗ ಈ ತಂಗಳು ಹೊಟ್ಟೆಯಲ್ಲಿ ನಿಲ್ಲದಾಯಿತು. ತುತ್ತು ಬಾಯಿಗಿಟ್ಟರೆ ಸಾಕು, ಹಿತ್ತಲಿಗೆ ಓಡಬೇಕಿತ್ತು. ಊರಿನ ಹೆಂಗಸರು ಬಂದು ಬಯಕೆ ಏನು ಎಂದು ಕೇಳಿದರು. ಬಸುರಿ ಕೇಳಿದ್ದನ್ನು ಇಲ್ಲವೆನ್ನಬಾರದು ಎನ್ನುವ ಪದ್ಧತಿ ನಮ್ಮಲ್ಲಿದೆ, ಅದನ್ನು ನಂಬಿ ಎಲ್ಲರೆದುರೇ ಹೇಳಿದೆ.

"ಬೆಳಿಗ್ಗೆ ಒಂದ್ ತಟ್ಟೆ ಬಿಸಿ ಅನ್ನ."

ಅತ್ತೆ ನಕ್ಕ ನಗು ಇವತ್ತಿಗೂ ನನ್ನ ಕಿವಿಯಲ್ಲಿದೆ. "ಬಿಸಿ ಅನ್ನ ಒಂದು ಬಯಕೆನಾ? ಮಾವಿನ್ಕಾಯಿ ಕೇಳು, ಉಣ್ಸೆಕಾಯಿ ಕೇಳು. ನಾವೆಲ್ಲ ತಂಗ್ಳು ತಿಂದೇ ಎತ್ತಿಲ್ವಾ?" ಹೆಂಗಸರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಮಾರನೆಯ ದಿನ ಒಂದು ಕುಕ್ಕೆ ಮಾವಿನಕಾಯಿ ಬಂತು. ಒಂದನ್ನೂ ನಾನು ಕಚ್ಚಲಿಲ್ಲ.

ನನ್ನ ಗಂಡ ಏನು ಮಾಡುತ್ತಿದ್ದ ಎಂದು ಕೇಳಬೇಡಿ. ಅವನು ಹೆಬ್ಬಾಳದ ಬೇಸಾಯದ ಫಾರಮ್ಮಿನಲ್ಲಿ ಕೆಲಸಕ್ಕಿದ್ದ. ಅಲ್ಲಿಗೆ ಜಪಾನಿನಿಂದ ಒಬ್ಬ ತಜ್ಞರು ಬಂದು, ಭತ್ತದ ಪೈರನ್ನು ಹಗ್ಗ ಹಿಡಿದು ಸಾಲಾಗಿ ನಾಟಿ ಮಾಡುವುದನ್ನು ಹೇಳಿಕೊಡುತ್ತಿದ್ದರು. ಜಪಾನ್ ಪದ್ಧತಿ ಎಂದರೆ ಆಗ ನಮ್ಮ ಕಡೆ ಇಷ್ಟೇ, ಸಾಲು ನಾಟಿ. ನನ್ನ ಗಂಡನಿಗೆ ಅದನ್ನು ನಮ್ಮ ಗದ್ದೆಯಲ್ಲೂ ಮಾಡಿಸಿ ತಜ್ಞರ ಕೈಲಿ ಭೇಷ್ ಅನ್ನಿಸಿಕೊಳ್ಳುವ ಹುಚ್ಚು. ಮಾವನಿಗೆ ಆ ಮಾತು ಕೇಳಿದರೇ ಆಗುತ್ತಿರಲಿಲ್ಲ. "ಅಗ್ಗ ಇಡ್ಕೊಂಡು ನಾಟಿ ಮಾಡಕ್ಕೆ ನಾನೇನ್ ಗೋಡೆ ಕಟ್ತಾ ಇವ್ನಾ?" ಎಂದು ರೇಗುತ್ತಿದ್ದರು. ಅಪ್ಪ ಮಗ ದಿನವೂ ಇದೇ ಜಗಳವಾಡಿ, ಇಬ್ಬರೂ ಬಿಸಿ ರೊಟ್ಟಿ ತಿಂದು ಏಳುತ್ತಿದ್ದರು.

ಫಾರಮ್ಮಿನ ಮನೆಗಳಿಗೆ ಹಾಲು ಕೊಟ್ಟು ಬರುವುದು ನನ್ನ ಪಾಲಿನ ಕೆಲಸ. ಆ ಜಪಾನಿನ ತಜ್ಞರ ಮನೆಗೂ ಕೊಡುತ್ತಿದ್ದೆ. ಅವರ ಹೆಂಡತಿ ನನಗಿಂತ ಗಿಡ್ಡಕ್ಕಿದ್ದ ಹೆಂಗಸು. ಹಾಲು, ಸಾಕು, ನಿನ್ನೆ, ನಾಳೆ, ಅನ್ನ, ಹೀಗೆ ಕೈಬೆರಳೆಣಿಕೆಯ ಕನ್ನಡ ಬರುತ್ತಿತ್ತು. ಒಂದು ಬೆಳಿಗ್ಗೆ ನಾನು ಹೋದಾಗ ಒಲೆಯ ಮೇಲೆ ಬಾಂಡ್ಲಿ ಇಟ್ಟು ಏನೋ ಹುರಿಯುತ್ತಿದ್ದಳು. ಹಿತ್ತಲ ಬಾಗಿಲಲ್ಲಿ ನಿಂತ ನನ್ನ ಹಸಿದ ಮುಖ ನೋಡಿದಳೋ ಏನೋ, ಕೂತುಕೋ ಎಂದು ಸನ್ನೆ ಮಾಡಿದಳು. ಪಕ್ಕದ ಪಾತ್ರೆಯತ್ತ ನೋಡಿದೆ. ತಣ್ಣಗೆ ಉಂಡೆಗಟ್ಟಿದ ಅನ್ನ. ತಂಗಳನ್ನು ನಾನು ಯಾವ ಕತ್ತಲಲ್ಲಿ ಬೇಕಾದರೂ ಗುರುತು ಹಿಡಿಯಬಲ್ಲೆ.

"ನಿನ್ನೆ ಅನ್ನ" ಎಂದಳು ಅವಳು, ನಗುತ್ತ.

ಕೋಪ ನೆತ್ತಿಗೇರಿತು. ಮನೆಯಲ್ಲಿ ತಿನ್ನುವುದು ಸಾಲದು ಎಂದು ಈ ಕಡಲಾಚೆಯವಳೂ ನನಗೆ ತಂಗಳು ಇಕ್ಕುತ್ತಾಳೆ, ಹಾಲಿನವಳೆಂದರೆ ಇಷ್ಟೇ ತಾನೆ ಎಂದುಕೊಂಡು ಚೆಂಬು ಎತ್ತಿಕೊಂಡು ಎದ್ದೆ. ಅಷ್ಟರಲ್ಲಿ ಅವಳ ಗಂಡ ಒಳಗಿನಿಂದ ಬಂದು ಕೂತರು. ಅವಳು ಅದೇ ಬಾಂಡ್ಲಿಯಿಂದ ಅವರಿಗೆ ಬಡಿಸಿದಳು, ತನಗೆ ಬಡಿಸಿಕೊಂಡಳು, ನನಗೂ ಬಡಿಸಿದಳು. ಊರಿಗೇ ಬೇಸಾಯ ಕಲಿಸುವ ದೊಡ್ಡ ಮನುಷ್ಯ ತಂಗಳನ್ನು ಚಪ್ಪರಿಸಿಕೊಂಡು ತಿನ್ನುತ್ತಿದ್ದರು. ನಾನು ಮತ್ತೆ ಕೂತೆ. ತುತ್ತು ಬಿಸಿಯಾಗಿತ್ತು, ಒಂದಗುಳು ಇನ್ನೊಂದಕ್ಕೆ ಅಂಟಿರಲಿಲ್ಲ, ಮೊಟ್ಟೆಯ ಚೂರು, ಈರುಳ್ಳಿ ಸೊಪ್ಪು, ಉಪ್ಪುಪ್ಪಾದ ಏನೋ ಒಂದು ಕಪ್ಪು ರಸ. ವಾಂತಿ ಬರಲಿಲ್ಲ.

ಆಮೇಲೆ ದಿನಾ ನಿಂತು ನೋಡಿದೆ. ಬಾಂಡ್ಲಿ ಚೆನ್ನಾಗಿ ಕಾದು ಹೊಗೆಯಾಡಬೇಕು. ಮೊದಲು ಮೊಟ್ಟೆ, ಅದು ಪೂರ್ತಿ ಗಟ್ಟಿಯಾಗುವ ಮೊದಲೇ ಅನ್ನ. ಉಂಡೆಗಳನ್ನು ಸೌಟಿನ ಬೆನ್ನಿನಿಂದ ಒಡೆಯಬೇಕು, ಕುಕ್ಕಬಾರದು. ಕಪ್ಪು ರಸವನ್ನು ಅನ್ನದ ಮೇಲೆ ಸುರಿಯುವುದಲ್ಲ, ಬಾಂಡ್ಲಿಯ ಅಂಚಿಗೆ ಬಿಡಬೇಕು, ಅದು ಚುರ್ ಎಂದು ಸುಟ್ಟ ಘಮ ಅನ್ನಕ್ಕೆ ಹತ್ತಬೇಕು. ಬಿಸಿ ಅನ್ನದಲ್ಲಿ ಯಾಕೆ ಮಾಡಬಾರದು ಎಂದು ಸನ್ನೆಯಲ್ಲಿ ಕೇಳಿದೆ. ಅವಳು ಎರಡು ಬೆರಳನ್ನು ಅಂಟಿಸಿ ತೋರಿಸಿ, ಮುಖ ಹಿಂಡಿದಳು. ಅದು ಮುದ್ದೆಯಾಗುತ್ತದಂತೆ.

ಆ ಕಪ್ಪು ರಸ ನಮ್ಮಲ್ಲೆಲ್ಲಿ ಸಿಗಬೇಕು? ಸೋಯಾ ಎನ್ನುವ ಕಾಳಿನಿಂದ ಮಾಡುತ್ತಾರೆ ಎಂದು ನನ್ನ ಗಂಡ ಹೇಳಿದ. ಕಾಳಿನದೇ ಆದರೆ ನಮ್ಮಲ್ಲೂ ಕಾಳಿಗೇನು ಬರವೇ ಎಂದುಕೊಂಡು ಹುರುಳಿ ಬೇಯಿಸಿದ ಕಟ್ಟನ್ನು ಉಪ್ಪು ಹಾಕಿ ಕಪ್ಪಗೆ ಗಟ್ಟಿಯಾಗುವವರೆಗೆ ಬತ್ತಿಸಿದೆ. ಒಂದು ಬೆಳಿಗ್ಗೆ ನನ್ನ ಪಾಲಿನ ತಂಗಳಿಗೆ ನಾನೇ ಸಾಕಿದ ಕೋಳಿಯ ಮೊಟ್ಟೆ ಒಡೆದು ಹಾಕಿ, ಆ ಕಟ್ಟನ್ನು ಅಂಚಿಗೆ ಬಿಟ್ಟೆ. ಅತ್ತೆ ಓಡಿ ಬಂದರು.

"ತಂಗ್ಳಿಗೆ ಎಣ್ಣೆ, ತಂಗ್ಳಿಗೆ ಮೊಟ್ಟೆ! ನಿಮ್ಮಪ್ಪನ ಮನೆ ಅಂದ್ಕೊಂಡ್ಯಾ?"

ನಾನು ತಿರುಗಿ ನೋಡದೆ ಹುರಿಯುತ್ತಲೇ ಇದ್ದೆ. ತಟ್ಟೆಗೆ ಹಾಕಿಕೊಂಡು ಇನ್ನೇನು ಕೂರಬೇಕು, ಘಮ ಹಿಡಿದು ಮಾವ ನಡುಮನೆಗೆ ಬಂದು ನಿಂತಿದ್ದರು.

"ಏನವ್ವಾ ಅದು, ಇಂಗೆ ಘಮ್ಮಂತೈತೆ?"

ಅದಕ್ಕೆ ನನಗೆ ಬೇರೆ ಹೆಸರು ಗೊತ್ತಿರಲಿಲ್ಲ. "ಜಪಾನ್ ಪದ್ಧತಿ ಅನ್ನ ಮಾವ" ಎಂದೆ.

ಅವರು ಹುಬ್ಬು ಗಂಟಿಕ್ಕಿ, ಹಿಂದೆಯೇ ಬಂದು ನಿಂತಿದ್ದ ಮಗನನ್ನು ನೋಡಿದರು, ಹಬೆಯಾಡುತ್ತಿದ್ದ ತಟ್ಟೆಯನ್ನು ನೋಡಿದರು, ಆಮೇಲೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಮಣೆಯ ಮೇಲೆ ಕೂತರು. ಬಸುರಿಯ ತಟ್ಟೆ ಎನ್ನುವುದು ಅವರ ಮನಸ್ಸಿಗೇ ಬರಲಿಲ್ಲ. ಒಂದಗುಳು ಬಿಡದೆ ತಿಂದು ಬೆರಳು ನೆಕ್ಕಿ, "ಅಗ್ಗ ಇಡ್ದು ನಾಟಿ ಮಾಡಿದ್ರೆ ಅಕ್ಕಿಗೆ ಇಂಥಾ ರುಚಿ ಬತ್ತದಾ?" ಎಂದರು.

ಅದು ಫಾರಮ್ಮಿನಲ್ಲಿ ಸಾಲು ನಾಟಿ ಮಾಡಿ ಬೆಳೆದ ಅಕ್ಕಿ ಎಂದು ಅವರು ತಿಳಿದಿದ್ದರು. ನನ್ನ ಗಂಡ ಬಾಯಿ ತೆರೆದವನು ನನ್ನ ಮುಖ ನೋಡಿ ಹಾಗೇ ಮುಚ್ಚಿಕೊಂಡ. "ಊಂ ಅಪ್ಪ, ಬತ್ತದೆ" ಎಂದ. ವರ್ಷಗಟ್ಟಲೆ ಜಗಳವಾಡಿ ಗೆಲ್ಲಲಾಗದ್ದನ್ನು ಹೆಂಡತಿಯ ತಟ್ಟೆ ಗೆದ್ದುಕೊಟ್ಟಿತ್ತು, ಅವನು ಯಾಕೆ ಬಿಟ್ಟಾನು? ನಾನು ಅವತ್ತು ಮಧ್ಯಾಹ್ನದ ಮುದ್ದೆಯವರೆಗೆ ಖಾಲಿ ಹೊಟ್ಟೆಯಲ್ಲಿದ್ದೆ.

ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಮಾವನಿಗೆ ಜಪಾನ್ ಪದ್ಧತಿ ಅನ್ನ ಬೇಕೇ ಬೇಕು. ಸೋಮವಾರ, ಶನಿವಾರ ಮೊಟ್ಟೆ ಬಿಟ್ಟು ಮಾಡಬೇಕು, ಅನ್ನವನ್ನಂತೂ ಬಿಡುವಂತಿಲ್ಲ. ಅಶ್ವತ್ಥಕಟ್ಟೆಯಲ್ಲಿ ಕೂತು ಅದರ ಗುಣಗಾನ ಬೇರೆ. ಅತ್ತೆ ಮಾತ್ರ ಬಿಳಿಚಿಕೊಂಡು ಓಡಾಡುತ್ತಿದ್ದರು. ಗಂಡ ತಿನ್ನುತ್ತಿರುವುದು ತಂಗಳು ಎಂದು ಅವರಿಗೆ ಗೊತ್ತಿತ್ತು. ಹೇಳಿದರೆ ಅಡುಗೆಮನೆಯ ಯಜಮಾನಿ ನೀನಲ್ಲವೇ ಎಂದು ಮೊದಲ ಏಟು ಅವರಿಗೇ ಬೀಳುತ್ತಿತ್ತು. ಒಂದು ಬೆಳಿಗ್ಗೆ, ಮಾವ ಕೈತೊಳೆಯಲು ಹೊರಗೆ ಹೋದಾಗ, ನಾನು ಅತ್ತೆಯ ಎದುರು ಖಾಲಿ ತಟ್ಟೆ ಇಟ್ಟುಕೊಂಡು ಕೂತೆ.

"ನನ್ನ ಪಾಲಿನ ತಂಗಳು ಮಾವ ತಿಂದ್ರು. ನಂಗೆ ಬಿಸಿ ಅನ್ನ ಮಾಡಿ, ಇಲ್ದಿದ್ರೆ ಹೇಳ್ಬಿಡ್ತೀನಿ."

"ಮಾಟಗಾತಿ" ಎಂದರು ಅತ್ತೆ. ಅಂದರೂ ಎಸರಿಗೆ ನೀರಿಟ್ಟರು.

ಆಮೇಲೆ ಕೆಲವು ವಾರ ಆ ಮನೆಯಲ್ಲಿ ಯಜಮಾನ ತಂಗಳು ತಿಂದರು, ಸೊಸೆ ಬಿಸಿ ಅನ್ನ ತಿಂದಳು. ಅಷ್ಟು ರುಚಿಯಾದ ಅನ್ನವನ್ನು ನಾನು ಮುಂದೆ ಯಾವ ಮದುವೆಯಲ್ಲೂ ಉಂಡಿಲ್ಲ. ಅತ್ತೆ ಬಡಿಸುವಾಗ ಸೌಟನ್ನು ತಟ್ಟೆಗೆ ಕುಟ್ಟುತ್ತಿದ್ದರು. ಆ ಸದ್ದು ನನಗೆ ಉಪ್ಪಿನಕಾಯಿಯ ಹಾಗಿತ್ತು.

ನಾಟಿಯ ಕಾಲ ಬಂತು. ಮಾವ ತಾವೇ ಹಗ್ಗ ಹಿಡಿದು ಗದ್ದೆಗಿಳಿದರು. ಸುತ್ತಲಿನ ಒಕ್ಕಲಿನವರೆಲ್ಲ ನೋಡಲು ಬಂದು ಬದುವಿನ ಮೇಲೆ ನಿಂತಿದ್ದರು. ಜಪಾನಿನ ತಜ್ಞರೂ ಬಂದರು. ನಾನು ಕೆಲಸದವರಿಗೆ ಮಜ್ಜಿಗೆ ಹೊತ್ತು ಹೋಗಿದ್ದೆ. ಸಾಲು ನೋಡಿ ತಜ್ಞರು ತಲೆಯಾಡಿಸಿದಾಗ ಮಾವನಿಗೆ ತಡೆಯಲಾಗಲಿಲ್ಲ.

"ಸಾಲು ಇರ್ಲಿ ಸ್ವಾಮಿ, ನಿಮ್ ಅಕ್ಕಿ ಬಲೇ ರುಚಿ. ದಿನಾ ಬೆಳಗ್ಗೆ ನಮ್ಮ ಸೊಸೆ ಉರಿದು ಕೊಡ್ತಾಳೆ, ಮೊಟ್ಟೆ ಆಕಿ."

ತಜ್ಞರಿಗೆ ಅರ್ಥವಾಗಲಿಲ್ಲ. ನನ್ನ ಗಂಡ ಆ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಬೇಕಾಯಿತು, ಸುಳ್ಳು ಹೇಳುವಷ್ಟು ಇಂಗ್ಲಿಷ್ ಅವನಿಗೆ ಬರುತ್ತಿರಲಿಲ್ಲ. ಕೇಳಿ ತಜ್ಞರ ಮುಖ ಅರಳಿತು. ತಮಗೆ ಗೊತ್ತಿದ್ದ ಕನ್ನಡವನ್ನೆಲ್ಲ ಒಟ್ಟುಗೂಡಿಸಿ, ಬದುವಿನ ಮೇಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದರು.

"ಹೌದು, ಹೌದು! ಬಿಸಿ ಅನ್ನ ಬೇಡ. ನಿನ್ನೆ ಅನ್ನ ಒಳ್ಳೇದು. ನಿನ್ನೆ ಅನ್ನ!"

ಬದುವಿನ ಮೇಲೆ ಯಾರೋ ಕಿಸಕ್ಕೆಂದರು. "ಗೌಡ್ರು ತಂಗ್ಳು ತಿಂತಾವ್ರಂತೆ ಕಣ್ರೋ!" ಮಾವ ಕೈಯಲ್ಲಿದ್ದ ಹಗ್ಗವನ್ನು ಕೆಸರಿಗೆ ಬಿಟ್ಟು ಮನೆಯ ಕಡೆ ನಡೆದರು.

ನಾನು ಮನೆ ತಲುಪುವಷ್ಟರಲ್ಲಿ ಹಿತ್ತಾಳೆ ತಟ್ಟೆ ಅಂಗಳದಲ್ಲಿ ಬಿದ್ದಿತ್ತು. ಅತ್ತೆ ಬಿಳಿಚಿಕೊಂಡು ಕಂಬದ ಹಿಂದೆ ಸರಿದಿದ್ದರು.

"ನಂಗೆ ತಂಗ್ಳು ಇಕ್ಕಿದೋರ್ಯಾರು?"

"ಯಾರೂ ಇಕ್ಕಲಿಲ್ಲ ಮಾವ" ಎಂದೆ. "ಅದು ನನ್ನ ತಟ್ಟೆ. ನೀವೇ ಕಿತ್ಕೊಂಡು ತಿಂದ್ರಿ."

ಅವರು ನನ್ನ ಮುಖ ನೋಡಿದರು. ನನ್ನ ಹೊಟ್ಟೆಯನ್ನೂ ನೋಡಿದರು. ಈಗಲಾದರೂ ಒಂದು ಮಾತು ಹೊಳೆಯುತ್ತದೆ, ಇವಳು ಇಷ್ಟು ದಿನ ಇದನ್ನೇ ತಿಂದಳಲ್ಲ ಎನ್ನುತ್ತಾರೆ ಎಂದುಕೊಂಡೆ. ಅವರಿಗೆ ಹೊಳೆದದ್ದು ಬೇರೆ.

"ಇನ್ಮ್ಯಾಕೆ ಈ ಮನ್ಯಾಗೆ ರಾತ್ರಿ ಒಂದಗುಳು ಉಳೀಬಾರ್ದು" ಎಂದು ಹೆಂಡತಿಗೆ ಹೇಳಿ ಹೊರಟುಹೋದರು.

ಅತ್ತೆಯ ಮುಖಕ್ಕೆ ಅಲ್ಲೇ ರಕ್ತ ವಾಪಸು ಬಂತು. ಹೆದರಬೇಕಾದ್ದು ಇನ್ನೇನೂ ಉಳಿದಿರಲಿಲ್ಲ. ಅವತ್ತೇ ಸಂಜೆ ಅಕ್ಕಿ ಅಳೆಯುವಾಗ ಪಾವಿನಿಂದ ಒಂದು ಹಿಡಿ, ಇನ್ನೊಂದು ಹಿಡಿ ತೆಗೆದು ಮಡಕೆಗೆ ವಾಪಸು ಹಾಕಿದರು. ಅಷ್ಟು ಅನ್ನ ಗಂಡಸರಿಗೆ ಸರಿಯಾಗುತ್ತಿತ್ತು, ಅತ್ತೆಗೂ ಒಂದು ಸೌಟು ಬರುತ್ತಿತ್ತು. ನನಗೆ ತಳ.

"ಬೆಳಗ್ಗೆ ಎಸರಿಡಲ್ಲ" ಎಂದರು, ನನ್ನ ಕಡೆ ನೋಡದೆ. "ನಿನ್ನ ಬಿಸಿ ಅನ್ನ ಮುಗೀತು. ತಂಗ್ಳೂ ಮುಗೀತು."

ಹೊಟ್ಟೆಯಲ್ಲಿ ಮಗು ಒದೆಯಿತು. ನನಗೆ ಬಂದದ್ದು ಅಳುವಲ್ಲ, ಸಿಟ್ಟು, ತಣ್ಣಗಿನ ಸಿಟ್ಟು. ಅನ್ನ ಬೇಯುವ ಹೊತ್ತಿಗೆ ಅತ್ತೆ ದೀಪಕ್ಕೆ ಎಣ್ಣೆ ತರಲು ಒಳಗೆ ಹೋದರು. ನಾನು ಗಂಜಿ ಬಸಿದು ಅನ್ನ ಇಳಿಸಿದೆ. ಮಣೆ ಎಳೆದುಕೊಂಡೆ. ಗಂಡಸರನ್ನು ಊಟಕ್ಕೆ ಕರೆಯಲಿಲ್ಲ. ದೊಡ್ಡ ತಟ್ಟೆ ತೆಗೆದು, ಪಾತ್ರೆಯ ನಡುಭಾಗದಿಂದ ತುಂಬ ಬಡಿಸಿಕೊಂಡು, ಮೇಲೆ ಸಾರು ಸುರಿದುಕೊಂಡು, ಒಲೆಯ ಮುಂದೆ ಕಾಲು ಮಡಿಚಿ ಕೂತೆ.

ಅತ್ತೆ ಬಾಗಿಲಲ್ಲಿ ನಿಂತರು. ಕೈಯಲ್ಲಿ ಎಣ್ಣೆ ಗಿಂಡಿ. ಅವರ ಹಿಂದೆ ಮಾವ, ಅವರ ಹಿಂದೆ ನನ್ನ ಗಂಡ.

"ಏ, ಗಂಡಸ್ರು ಇನ್ನೂ ಉಂಡಿಲ್ಲ ಕಣೇ!" ಎಂದರು ಅತ್ತೆ.

"ಅವ್ರದ್ದು ಆರ್ಲಿ ಬಿಡಿ ಅತ್ತೆ. ಬೆಳಿಗ್ಗೆ ಜಪಾನ್ ಪದ್ಧತೀಲಿ ಮಾಡ್ಕೊಡ್ತೀನಿ."

ಮೊದಲ ತುತ್ತು ಬಾಯಿಗಿಟ್ಟೆ. ಅನ್ನ ಬಾಯಿ ಸುಡುತ್ತಿತ್ತು. ಆರಲಿ ಎಂದು ನಾನು ಕಾಯಲಿಲ್ಲ.